ನಿಂತು ಹೇಳುವವಳ ಕುರ್ಚಿ

೧೨ ಸೆಪ್ಟೆಂಬರ್ ೨೦೦೫, ರಾತ್ರಿ ೧೦

ಮತ್ತೆ ಕರೆಂಟ್ ಹೋಗಿ ಬಂತು. ಆರನೇ ನಂಬರಿನ ಕಂಪ್ಯೂಟರಿನಲ್ಲಿದ್ದ ಹುಡುಗನ ಮಾರ್ಕ್ಸ್ ಕಾರ್ಡ್ ಅರ್ಧ ಪ್ರಿಂಟ್ ಆಗಿ ನಿಂತಿತು. ಅವನ ಮುಖ ಅರ್ಧ ಪಾಸಾದವನ ಹಾಗಾಯಿತು. ಇನ್ನೊಂದು ಹಾಳೆ ಹಾಕಿ ಕೊಟ್ಟೆ.

ಏಳಕ್ಕೆ ನಮ್ಮವರು ಬಂದರು. ಬಸ್ ಡಿಪೋದ ಮೆಕ್ಯಾನಿಕ್ ಮಂಚಣ್ಣ. ಆಟೊ ಪುಟ್ಟರಾಜು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ಆತ್ರೇಯ. ನಾಲ್ಕನೆಯವರು ಅಮರಣ್ಣ, ಈ ಸೈಬರ್ ಕೆಫೆಯ ಯಜಮಾನರೇ. ಕೌಂಟರ್ ನನಗೆ ಕೊಟ್ಟು ತಾವು ಬಂದೂಕು ಹಿಡಿಯುತ್ತಾರೆ. ಆಟ ಸ್ಟೋನ್‌ಗೇಟ್. ಒಂದು ಪಾಳುಕೋಟೆ, ಆ ಕಡೆ ನಾಲ್ವರು, ಈ ಕಡೆ ನಾಲ್ವರು. ಸತ್ತವರು ಆ ರೌಂಡ್ ಮುಗಿಯುವ ತನಕ ಕಪ್ಪು ಪರದೆ ನೋಡುತ್ತಾ ಕೂರಬೇಕು.

ನಾನು ಆಡುವುದಿಲ್ಲ. ಕುರ್ಚಿಗಳ ಹಿಂದೆ ನಿಂತು, ನಮ್ಮವರ ನಾಲ್ಕೂ ಪರದೆ ನೋಡುತ್ತಾ, ಹೇಳುತ್ತೇನೆ. ಮೊದಲು ಅಲ್ಲಿಗೆ ಹೋಗಿದ್ದು ಟೈಮ್ ಮುಗಿಯಿತು ಎನ್ನಲು. ಬಾಯಿ ತಪ್ಪಿ "ಮಂಚಣ್ಣ, ಹಿಂದೆ" ಅಂದೆ. ಅವರು ತಿರುಗಿದರು, ಬದುಕಿದರು. ಅವತ್ತಿನಿಂದ ನಾನಿಲ್ಲದೆ ಶುರು ಮಾಡುವುದಿಲ್ಲ. ಕೋಟೆಯ ಮೂಲೆಗಳಿಗೆಲ್ಲ ಹಾಸನದ ಹೆಸರಿಟ್ಟಿದ್ದೇನೆ — ಬಾವಿಯ ಹತ್ತಿರ ಕಟ್ಟಿನಕೆರೆ, ನಾಲ್ಕು ದಾರಿ ಕೂಡುವಲ್ಲಿ ಎನ್.ಆರ್. ಸರ್ಕಲ್, ಮರಗಳಿರುವ ಕಡೆ ಮಹಾರಾಜ ಪಾರ್ಕ್.

ಹಿರೀಸಾವೆಯಲ್ಲಿ ಅಜ್ಜಿ ಕಥೆ ಹೇಳುವಾಗ ನಾವು ಹೂಂ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಂತಿತು. ಇಲ್ಲೂ ಅದೇ ಕಾನೂನು ಮಾಡಿದ್ದೇನೆ. ನಾನೊಂದು ಮಾತು ಹೇಳಿದರೆ ನಾಲ್ವರೂ ಹೂಂ ಅನ್ನಬೇಕು. ಯಾರ ಹೂಂ ಬರಲಿಲ್ಲವೋ ಅವರು ಸತ್ತರು ಎಂದು ಲೆಕ್ಕ.

ಗೆದ್ದೆವು. ಚಿಕ್ಕಮ್ಮನ ಮನೆಗೆ ಬಂದಾಗ ತಡ. ಬೈಸಿಕೊಂಡು ಊಟ ಮಾಡಿದೆ.

೧೯ ಸೆಪ್ಟೆಂಬರ್

ಆತ್ರೇಯ ಒಂದು ಕಂಪ್ಯೂಟರ್ ಪತ್ರಿಕೆ ತಂದ. ಸ್ಟೋನ್‌ಗೇಟ್ ಟೂ ಬರುತ್ತದಂತೆ, ಫೆಬ್ರವರಿಗೆ. ನಿಂತಲ್ಲೇ ಓದಿ ಕನ್ನಡದಲ್ಲಿ ಹೇಳಿದ. ಕಾಫಿ ಆರಿಹೋಯಿತು, ಯಾರೂ ಮುಟ್ಟಲಿಲ್ಲ.

"ಗಾಡಿ ಐತಂತಾ?" — ಪುಟ್ಟರಾಜು.

"ಜೀಪ್ ಇದೆಯಂತೆ."

"ಅಂಗಾದ್ರೆ ಓಡ್ಸೋನು ನಾನೇ. ಇನ್ಯಾರೂ ಸ್ಟೇರಿಂಗ್ ಮುಟ್ಟಂಗಿಲ್ಲ ಕಣ್ರಪ್ಪ."

"ಮೀಟರ್ ಮಾತ್ರ ಹಾಕು ಕಣ್ಲಾ," ಅಂದರು ಮಂಚಣ್ಣ. ಅವರ ಚಿಂತೆ ಬೇರೆ. "ನನ್ನ ಉದ್ದನೆ ಬಂದೂಕ ಇಟ್ಟವ್ರಾ, ಕಿತ್ತಾಕವ್ರಾ ನೋಡು ಆತ್ರೇಯ. ಕೈ ಕುಂತಿರೋದೇ ಅದಕ್ಕೆ."

ಪತ್ರಿಕೆಯಲ್ಲಿ ಬಂದೂಕಿನ ಮಾತಿಲ್ಲ. ಮಂಚಣ್ಣ ಚಿತ್ರಗಳನ್ನು ಲೈಟಿಗೆ ಹಿಡಿದು ಹುಡುಕಿದರು. ಅಮರಣ್ಣನಿಗೆ ಆಸೆ, ಭಯ ಎರಡೂ. ಬ್ರಾಡ್‌ಬ್ಯಾಂಡ್ ಹಾಕಿಸಿದರೆ ಅರಕಲಗೂಡಿನಿಂದಲೂ ಹುಡುಗರು ಬರುತ್ತಾರೆ ಎಂದು ಆಸೆ. ನಮ್ಮ ಹಳೇ ಡಬ್ಬ ಕಂಪ್ಯೂಟರುಗಳು ಆ ಆಟದ ಭಾರ ತಡೆಯುತ್ತವೋ ಇಲ್ಲವೋ ಎಂದು ಭಯ.

ಕೊನೆಯ ಪ್ಯಾರಾಕ್ಕೆ ಬಂದಾಗ ಆತ್ರೇಯನ ದನಿ ಇಳಿಯಿತು. ಇನ್ನು ಒಂದೇ ಕೋಣೆಯೊಳಗಿನ ಆಟ ಇಲ್ಲ. ಎಲ್ಲ ಇಂಟರ್ನೆಟ್ಟಿನಲ್ಲಿ. ಕಿವಿಗೆ ಹೆಡ್‌ಸೆಟ್, ಅದರಲ್ಲೇ ಮಾತು. ತಂಡಕ್ಕೆ ನಾಲ್ವರು. ಓದಿ ಮುಗಿಸಿ ನನ್ನ ಕಡೆ ನೋಡಲಿಲ್ಲ.

ನಿಂತು ಹೇಳುವವಳ ಸುದ್ದಿಯೇ ಇಲ್ಲ. ಇರಲಿ. ಆಟ ಮಾಡಿದವರು ಹಾಸನ ನೋಡಿಲ್ಲ.

೨ ಅಕ್ಟೋಬರ್, ಭಾನುವಾರ

ಚನ್ನರಾಯಪಟ್ಟಣದ ತಂಡ ಬಂದಿತ್ತು. ಅವರ ನಾಯಕ ಪ್ರದ್ಯುಮ್ನ. ಅಪ್ಪ ಲೆಕ್ಚರರ್, ಮಗ ಮಾತಾಡುವುದೂ ಪಾಠದ ಹಾಗೆ. ಎರಡು ರೌಂಡ್ ಸೋತು ಎದ್ದು ನಿಂತ.

"ಇದು ನಾಲ್ಕು ಜನದ ಆಟ. ನೀವು ಐದು ಜನ ಆಡ್ತಿದೀರಿ."

"ನಾನು ಮೌಸೇ ಮುಟ್ಟಿಲ್ಲವಲ್ಲ," ಅಂದೆ.

"ಬಾಯಿ ಆಡ್ತಿದೆಯಲ್ಲ."

ಪುಟ್ಟರಾಜು ತಿರುಗಿದ. "ನಿಮ್ಮ ಕಡೇನೂ ಒಬ್ರನ್ನ ನಿಲ್ಸಿ ಸಾ. ಚನ್ರಾಯಪಟ್ಣದಲ್ಲಿ ಬಾಯಿಗೇನ್ ಬರಾನಾ?"

ನಿಲ್ಲಿಸಿದರು. ಆ ಹುಡುಗ ಮೊದಲಿನಿಂದ ಕೊನೆಯ ತನಕ "ಹೊಡಿ, ಹೊಡಿ, ಹೊಡಿ" ಅಂದ. ಯಾರಿಗೆ, ಎಲ್ಲಿ, ಒಂದೂ ಇಲ್ಲ. ಅವರ ಕಡೆಯವರೇ ಅವನನ್ನು ಕೂರಿಸಿದರು.

ಹೊರಡುವಾಗ ಪ್ರದ್ಯುಮ್ನ ಬಾಗಿಲಲ್ಲಿ ನಿಂತು ಹೇಳಿದ, "ಎರಡನೇದು ಬರಲಿ ಮೇಡಂ. ಆಗ ನಿಮಗೆ ಕೌಂಟರೇ ಗತಿ."

"ನಿಮ್ಮ ಬಸ್ ಹೊರಟಿರಬೇಕು, ನೋಡಿ," ಅಂದೆ. ಓಡಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

೨೬ ಅಕ್ಟೋಬರ್

ವರ್ಷಕ್ಕೊಮ್ಮೆ ತೆರೆಯುವ ಹಾಸನಾಂಬೆಯ ಗುಡಿ ಬಾಗಿಲು ತೆಗೆದಿದೆ. ಊರು ತುಂಬ ಜನ, ಆಟವಿಲ್ಲ. ಬ್ರಾಡ್‌ಬ್ಯಾಂಡ್ ಬಂತು. ಅಮರಣ್ಣ ಮೋಡೆಮ್ಮಿಗೆ ಕುಂಕುಮವಿಟ್ಟು ಕೈ ಮುಗಿದರು. ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ… ಒಂದು ಸಲ.

೧೯ ನವೆಂಬರ್, ಶನಿವಾರ

ಕಂಪನಿಯವರು ಎರಡು ದಿನ ಆಡಿ ನೋಡಿ, ತಪ್ಪಿದ್ದರೆ ಹೇಳಿ ಎಂದು ಹೊಸ ಆಟ ಬಿಟ್ಟಿದ್ದಾರೆ. ಕಂಪ್ಯೂಟರುಗಳು ಏದುಸಿರು ಬಿಟ್ಟರೂ ನಿಲ್ಲಲಿಲ್ಲ. ಎದುರು ಯಾರೋ ಪುಣೆಯವರು. ನಾಲ್ವರೂ ಹೆಡ್‌ಸೆಟ್ ಏರಿಸಿ ಕೂತರು. ನಾನು ಎಂದಿನಂತೆ ಹಿಂದೆ ನಿಂತೆ.

"ಪುಟ್ಟರಾಜು, ಬಲಗಡೆ ಮೆಟ್ಟಿಲ ಮೇಲೊಬ್ಬ."

ಹೂಂ ಇಲ್ಲ.

"ಆತ್ರೇಯ, ಕೂತುಕೋ."

ಹೂಂ ಇಲ್ಲ. ಎಲ್ಲರೂ ಒಟ್ಟಿಗೇ ಸತ್ತರೇ ಅಂದುಕೊಂಡೆ. ಪರದೆ ನೋಡಿದರೆ ನಾಲ್ವರೂ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾರೆ. ಕಿವಿ ಮುಚ್ಚಿವೆ, ಅಷ್ಟೇ. ನಾನು ಹೇಳಿದ್ದು ನನಗೊಬ್ಬಳಿಗೇ ಕೇಳುತ್ತಿದೆ.

ತಡೆಯಲಾಗದೆ ಮಂಚಣ್ಣನ ಭುಜ ತಟ್ಟಿದೆ. ಅವರು ಬೆಚ್ಚಿಬಿದ್ದರು, ಕೈಬಾಂಬು ಅವರ ಕಾಲ ಬುಡಕ್ಕೇ ಬಿತ್ತು. ಅವರ ಜೊತೆ ಇನ್ನಿಬ್ಬರು ಹೋದರು.

"ಗಂಗವ್ವ, ಮೈ ಮುಟ್ಬ್ಯಾಡ ತಾಯಿ," ಅಂದರು ಹೆಡ್‌ಸೆಟ್ ಕಿತ್ತು. "ಆಟದಲ್ ಓಗಿದ್ ಸರಿ, ನಿಜವಾಗ್ಲೂ ಓಗ್ಬುಡ್ತಿದ್ದೆ."

ಅಮರಣ್ಣ ನನ್ನ ಕಡೆ ತಿರುಗಿ ಮೆತ್ತಗೆ, "ಬೇಜಾರ್ ಮಾಡ್ಕೋಬೇಡ ಗಂಗಾ. ಕೌಂಟರ್ ನೋಡ್ಕೋ," ಅಂದರು.

ನೋಡಿಕೊಂಡೆ. ಇಡೀ ದಿನ ಒಂದೂ ರೌಂಡ್ ಗೆಲ್ಲಲಿಲ್ಲ ಅವರು. ಖುಷಿಯಾಯಿತು. ಆಗಬಾರದಿತ್ತು. ಆಯಿತು.

೨೦ ನವೆಂಬರ್, ಭಾನುವಾರ

ಬೆಳಿಗ್ಗೆ ಷಟರ್ ಎತ್ತುವಾಗಲೇ ಕೇಳಿದೆ. "ಅಮರಣ್ಣ, ಒಂದು ರೌಂಡ್ ನಿಮ್ಮ ಕುರ್ಚಿ ಕೊಡಿ."

"ನಿಂಗೆ ಆಡೋಕೆ ಬರಲ್ವಲ್ಲ."

"ಆಡಲ್ಲ. ಸಾಯ್ತೀನಿ."

ನಿನ್ನೆ ಕೌಂಟರಿನಿಂದ ಕಂಡುಕೊಂಡಿದ್ದು ಇದು. ಹೊಸ ಆಟದಲ್ಲಿ ಸತ್ತವರ ಪರದೆ ಕಪ್ಪಾಗುವುದಿಲ್ಲ. ಬದುಕಿರುವ ಜೊತೆಗಾರರ ಕಣ್ಣಿನಿಂದ ನೋಡಬಹುದು, ಒಬ್ಬರಿಂದ ಇನ್ನೊಬ್ಬರಿಗೆ ಹಾರಬಹುದು. ಮಾತೂ ನಿಲ್ಲುವುದಿಲ್ಲ.

ಕೂತೆ. ಹೆಡ್‌ಸೆಟ್ ಹಾಕಿದೆ. ಕೋಟೆ ಬಾಗಿಲು ತೆಗೆಯುತ್ತಲೇ ಬಯಲಿಗೆ ಓಡಿ ಎದೆ ಕೊಟ್ಟೆ. ಢಂ. ಆಮೇಲೆ ನಿಧಾನವಾಗಿ ಶುರು ಮಾಡಿದೆ. "ಮಂಚಣ್ಣ, ನಿಮ್ಮ ಎಡಗಡೆ ಗೋಡೆಯಾಚೆ ಇಬ್ಬರಿದ್ದಾರೆ." ಹೂಂ. "ಪುಟ್ಟರಾಜು, ನೀನು ಜೀಪ್ ಬಿಟ್ಟು ಇಳಿ." ಹೂಂ, ಸ್ವಲ್ಪ ತಡವಾಗಿ. ಮೂವರು ನಾಲ್ವರನ್ನು ಹೊಡೆದರು.

"ಗಂಗಕ್ಕ ಸತ್ ಮ್ಯಾಲೇ ಚೆಂದಾಗಿ ಮಾತಾಡ್ತಾಳೆ ಕಣ್ಲಾ," ಅಂದ ಪುಟ್ಟರಾಜು.

ಕತ್ತಲಾಗುವ ತನಕ ಸಾಯುತ್ತಲೇ ಇದ್ದೆ, ನಡುವೆ ಚನ್ನರಾಯಪಟ್ಟಣದವರ ಎದುರೂ. ಅಮರಣ್ಣ ಕೌಂಟರಿನಲ್ಲಿ ಒಬ್ಬರ ಜೆರಾಕ್ಸ್ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡರು. ಇಷ್ಟು ಒಳ್ಳೆಯ ಭಾನುವಾರ ನನಗೆ ನೆನಪಿಲ್ಲ.

೮ ಡಿಸೆಂಬರ್

ಕಂಪನಿಯ ಫೋರಮ್ಮಿನಲ್ಲಿ, ಆಡುವವರೆಲ್ಲ ಬರೆಯುವ ಜಾಗದಲ್ಲಿ, ಪ್ರದ್ಯುಮ್ನ ಬರೆದಿದ್ದಾನೆ. ಹಾಸನದ ತಂಡದವರು ಒಬ್ಬಳನ್ನು ಬೇಕೆಂದೇ ಸಾಯಿಸಿ ಮಾತಾಡಿಸುತ್ತಾರೆ, ಇದು ಆಟವಲ್ಲ ಎಂದು. ಬೇರೆ ಊರುಗಳವರೂ ಹೌದೌದು ಎಂದಿದ್ದಾರೆ. ಕೆಳಗೆ ಕಂಪನಿಯ ಉತ್ತರ — ಆಟ ಬಿಡುಗಡೆಯಾಗುವಾಗ ಸತ್ತವರ ದನಿ ಯಾರಿಗೂ ಕೇಳುವುದಿಲ್ಲ.

"ಅಂಗಾದ್ರೆ ನನ್ನ ಕುರ್ಚಿ ನಂಗೆ ವಾಪಸ್," ಅಂದರು ಅಮರಣ್ಣ. ನಕ್ಕೇ ಅಂದರು. ಆದರೆ ಅಂದರು.

ನಾವೂ ಬರೆಯೋಣ ಎಂದು ಹಟ ಹಿಡಿದೆ. ಆತ್ರೇಯನಿಗೆ ಇಂಗ್ಲಿಷ್ ಚೆನ್ನಾಗಿದೆ. ವಿನಯದಿಂದ ಕೇಳಿಕೊಳ್ಳುತ್ತೇವೆ ಎಂದು ಶುರು ಮಾಡಿದ.

"ಅದನ್ನ ಹೊಡೆದುಹಾಕು," ಅಂದೆ.

"ಮರ್ಯಾದೆಗೆ ಇರಲಿ ಗಂಗಾ."

"ನಾನೇನು ರಜೆ ಕೇಳ್ತಿದೀನಾ?"

ಹೊಡೆದುಹಾಕಿದ. ನಾನು ಹೇಳಿದ್ದನ್ನು ಹಾಗೆಯೇ ಬರೆದ. ಸತ್ತವರ ಬಾಯಿ ಮುಚ್ಚಬೇಡಿ. ಕದ್ದು ಏನೂ ಮಾಡಿಲ್ಲ, ನಾಲ್ವರಲ್ಲಿ ಒಬ್ಬಳನ್ನು ಕಳೆದುಕೊಂಡು ಮೂವರು ಗೆದ್ದಿದ್ದೇವೆ. ಕೈಲಾದರೆ ನೀವೂ ಹಾಗೆ ಗೆಲ್ಲಿ. ಗಂಗಾಂಬಿಕೆ, ಹಿರೀಸಾವೆ. ಊರಿನ ಹೆಸರು ಯಾಕೆ ಎಂದ. ಇರಲಿ ಎಂದೆ.

೧೧ ಡಿಸೆಂಬರ್

ನಮ್ಮ ಪತ್ರದ ಕೆಳಗೆ ಒಬ್ಬ ನಗುವ ಮುಖ ಹಾಕಿದ್ದಾನೆ. ಇನ್ನೊಬ್ಬ, ನಿಜವಾಗಿ ಹುಡುಗಿಯೇನಾ ಎಂದು ಕೇಳಿದ್ದಾನೆ. ಕಂಪನಿಯವರು ಚರ್ಚೆ ಮುಗಿಯಿತು ಎಂದು ಬೀಗ ಹಾಕಿದ್ದಾರೆ. ಈಗ ಬದುಕಿರುವವರ ಬಾಯಿಗೂ.

೧೫ ಜನವರಿ ೨೦೦೬, ಹಿರೀಸಾವೆ

ಹಬ್ಬಕ್ಕೆ ಬಂದು ಎರಡು ದಿನ. ಅಜ್ಜಿಯ ಜೊತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಎಲ್ಲ ಹೇಳಿದೆ. ನಮ್ಮಜ್ಜಿ ಬಸವಲಿಂಗಮ್ಮ ಯಾವ ಕಥೆಯನ್ನೂ ನಡುವೆ ತಡೆಯದೆ ಕೇಳಿದವಳಲ್ಲ.

"ದುಡ್ ಕೊಟ್ಟು ಸಾಯ್ತಾರೇನವ್ವಾ?"

"ಗಂಟೆ ಲೆಕ್ಕ ಅಜ್ಜಿ."

"ನೀನ್ಯಾಕೆ ಸಾಯ್ಬೇಕು?"

"ನಂಗೆ ಹೊಡೆಯೋಕೆ ಬರಲ್ಲ. ಕಣ್ಣಿಗೆ ಬಿದ್ದರೆ ಮುಗೀತು."

"ಒಡೀಬ್ಯಾಡ. ಕಣ್ಣಿಗೂ ಬೀಳ್ಬ್ಯಾಡ. ಕಥೆ ಏಳೋವಾಗ ನಾನೇನು ರಾಕ್ಷಸನ ಎದ್ರಿಗೋಗಿ ನಿಂತ್ಕತೀನಾ? ಅಟ್ಟದ್ ಮ್ಯಾಲೆ ಕುಂತು ನೋಡ್ತೀನಿ. ಅವ್ನು ಇತ್ತಗ್ ತಿರುಗುದ್ರೆ ಕಣಜದ್ ಹಿಂದಕ್ ಓಯ್ತೀನಿ. ಕಥೆ ಮುಗಿಯೋಗಂಟ ನಾನ್ ಸತ್ತಿದ್ ಕಂಡಿದ್ದೀಯಾ?"

ಕೈ ನಿಂತುಹೋಯಿತು. ಎಷ್ಟು ವರ್ಷ ಕೇಳಿದ್ದೇನೆ ಆ ಕಥೆಗಳನ್ನು. ಹೇಳುವವಳು ಎಲ್ಲಿ ಕೂತಿದ್ದಾಳೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಬಾಯ್ ತಕ್ಕಂಡ್ ಕುಂತವ್ಳೆ. ಸುಲಿ," ಅಂದಳು.

೨೭ ಜನವರಿ

ಬೆಳಿಗ್ಗೆ ಬೇಗ ಬಂದು ಹಳೆಯ ಆಟದಲ್ಲಿ ಕಲಿಯುತ್ತಿದ್ದೇನೆ. ಆತ್ರೇಯ ಅಟ್ಟಿಸಿಕೊಂಡು ಬರುತ್ತಾನೆ, ನಾನು ಅಡಗುತ್ತೇನೆ. ಸತ್ತೆ. ಸತ್ತೆ. ಗೋಡೆಗೆ ಒರಗಿ ಉಸಿರು ಬಿಗಿಹಿಡಿದೆ. ನೀನು ಉಸಿರಾಡಬಹುದು ಗಂಗಾ, ಅದು ಕಂಪ್ಯೂಟರಿಗೆ ಕೇಳುವುದಿಲ್ಲ ಅಂದ. ನಕ್ಕೆ. ಸತ್ತೆ.

೫ ಫೆಬ್ರವರಿ

ಇಂದು ಒಂದು ಇಡೀ ರೌಂಡ್ ಬದುಕಿದ್ದೆ. ಒಂದು ಗುಂಡೂ ಹಾರಿಸಲಿಲ್ಲ. ಅಡಗುವುದು, ನೋಡುವುದು, ಹೇಳುವುದು, ಜಾಗ ಬದಲಾಯಿಸುವುದು. ಅಮರಣ್ಣ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಗುಂಡೇ ಹೊಡೀದೆ ಇದೆಂಥ ಆಟ?"

"ಕೊನೇ ತನಕ ಇದ್ದೆ ಅಮರಣ್ಣ. ನೀವು ಎಷ್ಟು ಸಲ ಇದ್ದೀರಿ?"

ಅವರು ಹೋಗಿ, ಕೆಡದೇ ಇದ್ದ ಪ್ರಿಂಟರ್ ಬಿಚ್ಚಿ ಕೂತರು. ಪಾಪ ಎನಿಸಿತು. ಅಂಗಡಿ ಅವರದು, ಕುರ್ಚಿ ಅವರದು, ಆಸೆಯೂ ನನ್ನಷ್ಟೇ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಸ ಆಟ ಬರುವ ದಿನ ಯಾರು ಕೂರಬೇಕು ಎಂದು ಮಂಚಣ್ಣ ಕೇಳಿದಾಗ, ಪ್ರಿಂಟರಿನೊಳಗಿನಿಂದಲೇ ಅಂದರು, "ಅವಳೇ ಶುರು ಮಾಡ್ಲಿ. ಎಡವಿದ್ರೆ ನಾನಿದೀನಿ."

೧೯ ಫೆಬ್ರವರಿ, ಭಾನುವಾರ, ಸಂಜೆ

ಸ್ಟೋನ್‌ಗೇಟ್ ಟೂ ಬಂತು. ಮಂಚಣ್ಣನ ಬಂದೂಕು ಉಳಿದಿದೆ, ದನಿ ಮಾತ್ರ ಬದಲಾಗಿದೆ. "ಕೆಮ್ಮದಂಗೆ ಕೇಳ್ತದೆ, ಇರ್ಲಿ, ವಯಸ್ಸಾತು," ಅಂದರು. ಪುಟ್ಟರಾಜು ಮೊದಲ ರೌಂಡಿನಲ್ಲೇ ಜೀಪನ್ನು ಕಂದಕಕ್ಕೆ ಇಳಿಸಿದ. ಸತ್ತವರು ಮೂಕರು, ಕಂಪನಿ ಹೇಳಿದಂತೆಯೇ.

ಎದುರಿಗೆ ಚನ್ನರಾಯಪಟ್ಟಣ, ಅವರ ಊರಿನ ಕೆಫೆಯಲ್ಲೇ ಕೂತು. ಶುರುವಾಗುವ ಮೊದಲು ಪ್ರದ್ಯುಮ್ನ ಪರದೆಯ ಮೇಲೆ ಟೈಪ್ ಮಾಡಿದ, ಮೇಡಂ ಕೌಂಟರಿನಲ್ಲಾ ಎಂದು. ಪುಟ್ಟರಾಜು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಉತ್ತರ ಕೊಟ್ಟ — ಕುರ್ಚೀಲಿ.

ನಾಲ್ಕು ರೌಂಡ್ ಅವರು ಗೆದ್ದರು, ನಾಲ್ಕು ನಾವು. ಒಂದು ಬಾಕಿ. ನಡುವೆ ಸ್ವಲ್ಪ ಬಿಡುವು, ಅದರಲ್ಲಿ ಬರೆಯುತ್ತಿದ್ದೇನೆ. ಈಗ ಸೋತ ರೌಂಡ್ ನನ್ನಿಂದಲೇ. ಅಡಗಿದ್ದವಳು ಆಸೆಗೆ ಬಿದ್ದು ಗುಂಡು ಹಾರಿಸಿದೆ. ಗುರಿ ತಪ್ಪಿತು, ಜಾಗ ಗೊತ್ತಾಯಿತು, ಹೋದೆ. ನನ್ನ ಮಾತು ನಿಂತ ಮೇಲೆ ಉಳಿದವರು ಒಬ್ಬೊಬ್ಬರಾಗಿ ಹೋದರು.

ಅಮರಣ್ಣ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. "ಕೊನೇದು ನಾನು ಕೂತ್ಕೋತೀನಿ ಗಂಗಾ. ಸೋತ್ರೆ ನಿನ್ನ ತಲೆ ಮೇಲೆ ಬರಬಾರದು."

ಮಂಚಣ್ಣ ಕೀಬೋರ್ಡ್ ಒರೆಸತೊಡಗಿದರು. ಆತ್ರೇಯ, ಪುಟ್ಟರಾಜು ತಮ್ಮ ತಮ್ಮ ಪರದೆಗೆ ತಿರುಗಿದರು.

"ನನ್ನ ತಲೆ ಮೇಲೇ ಬರಲಿ ಅಮರಣ್ಣ."

ಅವರು ಕೈ ತೆಗೆಯಲಿಲ್ಲ. ನಾನು ಏಳಲಿಲ್ಲ. ಬಾಗಿಲಲ್ಲಿ ಒಬ್ಬರು ಹೆಂಗಸು, ಒಂದು ಪ್ರಿಂಟ್ ಬೇಕಿತ್ತು ಎಂದರು.

"ಗಂಗಾ, ಪ್ರಿಂಟ್," ಅಂದರು ಅಮರಣ್ಣ.

"ನೀವೇ ಕೊಡಿ. ಹಾಳೆ ಕೆಳಗಿನ ಡ್ರಾಯರಲ್ಲಿದೆ."

ಡ್ರಾಯರಿನ ಕಡೆ ತಿರುಗಿ ನೋಡಿದರು. ಆಮೇಲೆ ಕುರ್ಚಿ ಬಿಟ್ಟರು. "ಬನ್ನಿ ಅಮ್ಮ," ಎನ್ನುತ್ತಾ ಕೌಂಟರಿಗೆ ಹೋದರು.

ಮಂಚಣ್ಣ ಹೆಡ್‌ಸೆಟ್ ಚಾಚುತ್ತಿದ್ದಾರೆ. ಗೆದ್ದರೆ ಅಮರಣ್ಣನಿಗೆ ಹೇಳಬೇಕು, ನಾಳೆಯಿಂದ ಸರದಿ, ಒಂದು ದಿನ ನೀವು, ಒಂದು ದಿನ ನಾನು ಎಂದು. ಸೋತರೂ ಅದನ್ನೇ ಹೇಳಬೇಕು. ಶುರುವಾಯಿತು.