ಉಂಡ ತಾಯಿಯ ಮಕ್ಕಳಿಗೆ ಮಾತ್ರ

ಕರೆಮಡ್ಡಿ, ವರದಾ ಹೊಳೆಯ ಬಲದಂಡೆ
ಜ್ಯೇಷ್ಠ ಮಾಸದ ನಲವತ್ತೊಂದನೆಯ ದಿನ, 2171

ನನಗಿಂತ ಮುಂಚೆ ಬದುಕಿದವರಿಗೆ, ಕರೆಮಡ್ಡಿ ಸರ್ಕಾರಿ ಪಾಠಶಾಲೆಯ ಮುಖ್ಯಗುರು ರುದ್ರಾಣಿ ಕಡೇಮನಿ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಮಿರ್ಗ, ಅಂದರೆ ಮೃಗಶಿರಾ ಮಳೆ ಬೀಳುವ ತನಕ ಜ್ಯೇಷ್ಠ ಮುಗಿಯಕೂಡದು ಎಂಬುದು ನಮ್ಮ ಕಾಲದ ಕಾನೂನು. ಮಳೆ ತಡವಾದರೆ ತಿಂಗಳನ್ನೇ ಹಿಗ್ಗಿಸುತ್ತೇವೆ. ತಿಂಗಳು ಹಿಗ್ಗಿದರೆ ಸಂಬಳವೂ ತಡ, ಅದು ಬೇರೆ ಮಾತು. ನನ್ನ ಮಾತಿನ ಧಾಟಿ ನಿಮಗೆ ವಿಚಿತ್ರ ಎನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಪಠ್ಯಪುಸ್ತಕಗಳನ್ನು ಓದಿ ನಿಮ್ಮ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ, ಆದರೂ ನಡುನಡುವೆ ನಮ್ಮ ಪದಗಳು ನುಸುಳುತ್ತವೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಹಾವೇರಿಯಲ್ಲಿ ಅದಕ್ಕೊಂದು ಕಿಟಕಿಯಿದೆ, ಕಿಟಕಿಯ ಆಚೆ ಸದಾ ಆಕಳಿಸುವ ಗುಮಾಸ್ತನೊಬ್ಬನಿದ್ದಾನೆ. ಹಾಕಿದ ಪತ್ರವೆಲ್ಲ ತಲುಪುತ್ತದೆಂದು ಸರ್ಕಾರ ಹೇಳುತ್ತದೆ. ತಲುಪಿ, ಓದಿದವರು ತಿದ್ದಿಕೊಂಡಿದ್ದರೆ ಇಲ್ಲಿ ನಮ್ಮ ಪಾಡು ಬೇರೆಯಾಗಿರಬೇಕಿತ್ತು. ಆಗಿಲ್ಲ ಎಂಬುದನ್ನು ಕಣ್ಣಾರೆ ನೋಡುತ್ತಲೇ ಬರೆಯುತ್ತಿದ್ದೇನೆ. ಬರೆಯದೆ ಇರಲಾರೆ, ಅಷ್ಟೇ.

ನಮ್ಮೂರಿಗೆ ಬೆಳಗಾಗುವುದು ಶಾಲೆಗಳಿಂದ. ಮಠದ ಶಾಲೆಯ ಗಂಟೆ ಮೊದಲು, ಅದರ ಬೆನ್ನಿಗೆ ಚರ್ಚಿನ ಶಾಲೆಯದು, ಮದರಸಾದ ಕರೆ, ಹೊಳೆದಂಡೆಯ ಟ್ರಸ್ಟಿನ ಶಾಲೆಯ ಶಂಖ. ಪ್ರತಿ ಮನೆಯೂ ಕಲಿಕೆಪಾಲು ಕೊಡಬೇಕು. ಅದು ದುಡಿಮೆಯ ಒಂದು ಭಾಗ, ಕೂಲಿ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಾರೆ, ಮನೆಯವರು ಯಾವ ಪಂಥವೋ ಆ ಪಂಥದ ಶಾಲೆಗೆ ಅದು ನೇರ ಹೋಗುತ್ತದೆ. ನಿಮ್ಮ ಕಾಲದಲ್ಲಿ ಎಲ್ಲರ ತೆರಿಗೆಯೂ ಒಂದೇ ಹಗೇವಿಗೆ, ಅಂದರೆ ಒಂದೇ ಕಣಜಕ್ಕೆ ಬಿದ್ದು, ಅಲ್ಲಿಂದ ಹಂಚಿಕೆಯಾಗುತ್ತಿತ್ತಂತೆ. ಆ ಹಗೇವನ್ನು ಯಾರೂ ಒಂದೇ ದಿನದಲ್ಲಿ ಮುಚ್ಚಲಿಲ್ಲ. ಮೊದಲು ಪಂಥದ ಶಾಲೆಗಳ ಕಟ್ಟಡಕ್ಕೆ ತೆರಿಗೆ ಬೇಡ ಎಂದರು. ವಿದ್ಯಾದಾನಕ್ಕೆ ಯಾರು ಅಡ್ಡ ಬರುತ್ತಾರೆ? ಆಮೇಲೆ ಅಲ್ಲಿನ ಮೇಷ್ಟ್ರುಗಳಿಗೆ ಸರ್ಕಾರವೇ ಸಂಬಳ ಕೊಡಲಿ ಎಂದರು, ಅವರಿಗೂ ಹೊಟ್ಟೆಯಿದೆ. ಕೊನೆಗೆ, ನನ್ನ ದುಡ್ಡು ನನ್ನ ಮಗು ಓದುವ ಶಾಲೆಗೇ ಹೋಗಲಿ ಎಂದರು. ಒಂದೊಂದೂ ನ್ಯಾಯವಾಗಿಯೇ ಕೇಳಿಸಿತು. ಶಾಲೆಯ ಕಾಂಪೌಂಡಿನೊಳಗೆ ತೆರಿಗೆಯಿಲ್ಲ ಎಂದಮೇಲೆ ಊರೇ ಕಾಂಪೌಂಡಿನೊಳಗೆ ಹೊಕ್ಕಿತು. ನಮ್ಮೂರ ಎಣ್ಣೆಗಾಣ ಒಂದು ಶಾಲೆಯ ಮೂರನೇ ತರಗತಿಯ ಪಕ್ಕದಲ್ಲಿದೆ. ಮದುವೆ ಮಂಟಪ ಇನ್ನೊಂದು ಶಾಲೆಯ ಪ್ರಯೋಗಾಲಯವಂತೆ. ಬಸ್ಸು ಹತ್ತಬೇಕಾದರೆ ಮಕ್ಕಳ ಖೋಖೋ ಅಂಕಣವನ್ನು ದಾಟಿಕೊಂಡು ಹೋಗಬೇಕು. ಊರೆಲ್ಲ ಶಾಲೆಯೇ, ತೆರಿಗೆ ಕಟ್ಟಲು ಉಳಿದವರು ಗುಡಿಸಲಿನವರು ಮಾತ್ರ ಎಂದು ನಮ್ಮಲ್ಲಿ ಚೇಷ್ಟೆ ಮಾಡುತ್ತಾರೆ.

ಸುಳ್ಳು ಹೇಳಬಾರದು, ಆ ಶಾಲೆಗಳಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಚರ್ಚಿನ ಶಾಲೆಯ ಗಣಿತದ ಮೇಷ್ಟ್ರು ನನ್ನ ಗೆಳೆಯರು. ಮಠದ ಶಾಲೆಯ ಹುಡುಗಿಯರ ಅಕ್ಷರ ನೋಡಿದರೆ ನಮ್ಮ ಮಕ್ಕಳ ಅಕ್ಷರದ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರವರ ಭಕ್ತಿಯ ಮೇಲೆ ನನ್ನದೇನೂ ತಕರಾರಿಲ್ಲ. ನನ್ನ ಸಂಕಟ ಬಯಲಿನವರದು. ಯಾವ ಪಂಥಕ್ಕೂ ಸೇರದವರನ್ನು ನಾವು ಬಯಲಿನವರು ಎನ್ನುತ್ತೇವೆ. ಪಂಥ ಮೀರಿ ಮದುವೆಯಾದವರು, ಪಂಥ ಬಿಟ್ಟು ಬಂದವರು, ದೂರದಿಂದ ಕೂಲಿಗೆ ಬಂದವರು. ಅವರ ಕೂಲಿಯಿಂದಲೂ ಕಲಿಕೆಪಾಲನ್ನು ಮುರಿಯುತ್ತಾರೆ. ಕೇಳುವವರಿಲ್ಲದ ಆ ಪಾಲನ್ನು ಎಲ್ಲ ಶಾಲೆಗಳೂ ಹಂಚಿಕೊಳ್ಳುತ್ತವೆ, ಅವರ ಮಕ್ಕಳನ್ನು ಮಾತ್ರ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

ಹಾಗಾದರೆ ಸರ್ಕಾರಿ ಶಾಲೆ ಇದೆಯಲ್ಲ, ನೀನೇ ಅದರ ಮುಖ್ಯಗುರುವಲ್ಲವೇ ಎಂದು ನೀವು ಕೇಳುತ್ತೀರಿ. ಅದನ್ನು ಹೇಳಲೆಂದೇ ಈ ಪತ್ರ.

ಪಾಲು ಪಂಥಗಳಿಗೆ ಎಂದು ಕಾನೂನಾದ ಮೇಲೆ ಪಂಥವಿಲ್ಲದ ಸರ್ಕಾರಿ ಶಾಲೆಗಳಿಗೆ ಯಾರ ಪಾಲೂ ಬರಲಿಲ್ಲ. ಒಂದೊಂದಾಗಿ ಬೀಗ ಬಿದ್ದವು. ಆಗ ಇಲ್ಲಿ ಮುಖ್ಯಗುರುವಾಗಿದ್ದವಳು ನನ್ನ ಮುತ್ತಜ್ಜಿ ದ್ಯಾಮಕ್ಕ. ಗಟ್ಟಿ ಹೆಂಗಸು, ಚುರುಕು ಬುದ್ಧಿ. ನಮ್ಮ ಶಾಲೆಯೂ ಒಂದು ಪಂಥವೇ, ಪಾಲು ಕೊಡಿ ಎಂದು ಅರ್ಜಿ ಹಾಕಿದಳು. ಜನ ನಕ್ಕರು. ಸರ್ಕಾರ ನಗಲಿಲ್ಲ, ಪಂಥಪರೀಕ್ಷಕರನ್ನು ಕಳಿಸಿತು. ಪಂಥ ನಿಜವೋ ಸುಳ್ಳೋ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ನಿಮ್ಮ ಪ್ರಾರ್ಥನೆ ಯಾವುದು ಎಂದರೆ ಮಗ್ಗಿ ಹೇಳಿಸಿದಳು. ವಿಧಿ ಯಾವುದು ಎಂದರೆ ಹಾಜರಿ ಕೂಗಿ ತೋರಿಸಿದಳು. ಪ್ರಸಾದ ಎಂದರೆ ಪಡಸಾಲೆಯ ಬಿಸಿಯೂಟ. ಹಬ್ಬ ಎಂದರೆ ಕರಿಹಲಗೆಗೆ ವರ್ಷಕ್ಕೊಮ್ಮೆ ಮಸಿ ಬಳಿಯುವ ದಿನ. ಎಲ್ಲಕ್ಕೂ ತಲೆಯಾಡಿಸಿದ ಪರೀಕ್ಷಕರು ಕೊನೆಗೆ ಒಂದು ಕೇಳಿದರಂತೆ: ನೀವು ಯಾರನ್ನು ಹೊರಗಿಡುತ್ತೀರಿ? ಎಲ್ಲರನ್ನೂ ಒಳಗೆ ಬಿಟ್ಟುಕೊಂಡರೆ ಸಂತೆಯಾಗುತ್ತದೆ, ಪಂಥವಾಗುವುದಿಲ್ಲ ಎಂದರಂತೆ.

ದ್ಯಾಮಕ್ಕ ಅರೆಗಳಿಗೆ ಯೋಚಿಸಿ ಹೇಳಿದಳು. ಈ ಪಡಸಾಲೆಯ ಪಂಕ್ತಿಯಲ್ಲಿ ಕೂತು ಉಂಡ ತಾಯಿಯ ಮಕ್ಕಳಿಗೆ ಮಾತ್ರ ಪ್ರವೇಶ. ಪರೀಕ್ಷಕರಿಗೆ ತೃಪ್ತಿಯಾಯಿತು. ಆ ಕಾಲಕ್ಕೆ ಕರೆಮಡ್ಡಿಯಲ್ಲಿ ಆ ಪಡಸಾಲೆಯಲ್ಲಿ ಉಣ್ಣದ ತಾಯಿಯೇ ಇರಲಿಲ್ಲ. ಗೌಡರ ಮಗಳಿಂದ ಕಸ ಹೊಡೆಯುವವಳ ಮಗಳ ತನಕ ಎಲ್ಲರೂ ಅಲ್ಲಿಯ ಅನ್ನ ಸಾರು ಉಂಡವರೇ. ಯಾರನ್ನೂ ತಡೆಯದ ಬಾಗಿಲೊಂದನ್ನು ಮಾಡಿ ಬಂದೆ ಎಂದು ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಊರು ಎಂದಮೇಲೆ ಹೊರಗಿನಿಂದ ಸೊಸೆಯಂದಿರು ಬರುತ್ತಾರೆ, ಕೂಲಿಯವರು ಬರುತ್ತಾರೆ ಎಂಬುದು ಅಷ್ಟು ಬುದ್ಧಿವಂತೆಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಈಗ ನಾವು ಪಂಕ್ತಿಪಂಥದವರು. ನಮ್ಮನ್ನು ಉಂಡವರು ಎಂದೂ ಕರೆಯುತ್ತಾರೆ. ನಮ್ಮ ಮಕ್ಕಳು ಕಣ್ಣು ಮುಚ್ಚಿ, ಕೈ ಜೋಡಿಸಿ ಮಗ್ಗಿ ಹೇಳುತ್ತಾರೆ. ಪರೀಕ್ಷೆಯ ದಿನ ಹಣೆಗೆ ಸುಣ್ಣದ ಕಡ್ಡಿಯ ಪುಡಿ ಹಚ್ಚಿಕೊಳ್ಳುತ್ತಾರೆ. ಮಸಿ ಬಳಿಯುವ ದಿನ ಮನೆಮನೆಯಲ್ಲಿ ಹೋಳಿಗೆ. ತಟ್ಟೆ ತೊಳೆದ ನೀರನ್ನು ತುಳಿಯುವಂತಿಲ್ಲ. ಮದುವೆ ಸಂಬಂಧವೂ ಉಂಡವರೊಳಗೇ. ಇದೆಲ್ಲ ಒಬ್ಬ ಪರೀಕ್ಷಕರ ಕಣ್ಣಿಗಾಗಿ ನನ್ನ ಮುತ್ತಜ್ಜಿ ನಿಂತ ಕಾಲಲ್ಲಿ ಹೊಸೆದದ್ದು ಎಂದು ನನಗೆ ಗೊತ್ತು. ಗೊತ್ತಿದ್ದೂ ಸುಣ್ಣದ ಕಡ್ಡಿ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ನಾನು ಬೇಡವೆಂದರೂ ಕೈ ತಾನಾಗಿ ಏಳುತ್ತದೆ. ಈ ಕೈಯ ಮೇಲೆ ನನಗೆ ಬಹಳ ಬೇಸರವಿದೆ.

ಕಳೆದ ಬೇಸಿಗೆಯಲ್ಲಿ ಜೆಸಿಂತಾ ಎಂಬ ಹೆಂಗಸು ಮಗಳ ಕೈ ಹಿಡಿದು ನಮ್ಮ ಗೇಟಿಗೆ ಬಂದಳು. ಶಿರಸಿ ಕಡೆಯವಳು, ಗಂಡ ಫಕೀರೇಶ ನಮ್ಮೂರ ಗಾಣದಲ್ಲಿ ದುಡಿಯುವವನು. ಪಂಥ ಮೀರಿ ಮದುವೆಯಾದದ್ದಕ್ಕೆ ಇಬ್ಬರನ್ನೂ ಅವರವರ ಪಂಥ ಹೊರಗೆ ಹಾಕಿದೆ. ಮಗಳನ್ನು ಎಲ್ಲರೂ ಚಿಗರಿ ಎನ್ನುತ್ತಾರೆ, ಜಿಂಕೆಯ ಹಾಗೆ ನಿಂತಲ್ಲಿ ನಿಲ್ಲದ ಹುಡುಗಿ. ಮೂರು ಶಾಲೆಯ ಬಾಗಿಲು ಸುತ್ತಿ ಬಂದಿದ್ದರು. "ಅಕ್ಕೋರ, ಸರಕಾರಿ ಸಾಲಿ ಅಂತ ಬೋರ್ಡ್ ಐತೆಲ್ರಿ. ಸರಕಾರ ಅಂದ್ರ ನಾವೂ ಅದರಾಗ ಬರ್ತೀವಿ ಅಂತ ತಿಳಕೊಂಡು ಬಂದೇನ್ರಿ," ಎಂದಳು. ನಾನು ಬೋರ್ಡಿನ ಕಡೆ ನೋಡದೆ ನಿಯಮ ಹೇಳಿದೆ. ಅಷ್ಟರಲ್ಲಿ ಚಿಗರಿ ತಾಯಿಯ ಕೈ ಬಿಡಿಸಿಕೊಂಡು ಒಳಗೋಡಿ ಕರಿಹಲಗೆಯನ್ನು ಬರಿಗೈಯಲ್ಲಿ ಮುಟ್ಟಿದಳು. ನನ್ನ ಮೈ ಜುಂ ಎಂದಿತು. ಅದು ಸಿಟ್ಟಲ್ಲ, ಮೈಲಿಗೆಯ ಭಯ. ಸರ್ಕಾರಿ ಶಾಲೆಯ ಮುಖ್ಯಗುರುವಿಗೆ ಒಂದು ಮಗು ಹಲಗೆ ಮುಟ್ಟಿದ್ದಕ್ಕೆ ಮೈ ಜುಂ ಎಂದಿತು. ಇದನ್ನು ನೀವು ನಂಬಬೇಕು, ಯಾಕೆಂದರೆ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೈಯೇ ಹೀಗಾಗಲಿದೆ.

ನಿಯಮ ಮುರಿದು ಸೇರಿಸಿಕೊಂಡರೆ ಏನಾಗುತ್ತದೆಂದು ಹೇಳುತ್ತೇನೆ. ಪಕ್ಕದ ಪಂಥದವರು ದೂರು ಕೊಡುತ್ತಾರೆ, ಪರೀಕ್ಷಕರು ಬರುತ್ತಾರೆ, ಮುದ್ರೆ ಹೋಗುತ್ತದೆ, ಮುದ್ರೆಯ ಜೊತೆ ಪಾಲು. ಒಳಗಿರುವ ಮಕ್ಕಳೆಲ್ಲ ಒಂದೇ ದಿನದಲ್ಲಿ ಬಯಲಿನವರಾಗುತ್ತಾರೆ, ಕಟ್ಟಡ ಹರಾಜಿಗೆ ಬರುತ್ತದೆ. ಹೊರಗಿನ ಒಂದು ಮಗುವಿಗಾಗಿ ಒಳಗಿನ ಅಷ್ಟೂ ಮಕ್ಕಳನ್ನು ಬೀದಿಗೆ ಬಿಡಲೇ? ಬಿಡದಿದ್ದರೆ ಈ ಶಾಲೆ ಯಾರಿಗಾಗಿ ಉಳಿದಿದೆ? ಅತ್ತ ದರಿ, ಇತ್ತ ಪುಲಿ. ಪಾಲಕರ ಸಭೆ ಕರೆದು ಕೇಳಿದೆ. ಪಂಕ್ತಿಯ ಹಿರಿಯಳು ಸೋಮವ್ವ ಗೌಳೇರ, ನನ್ನನ್ನು ಎತ್ತಿ ಆಡಿಸಿದವಳು, ಮೆಲ್ಲಗೆ ಹೇಳಿದಳು: "ಪಂಕ್ತಿ ಕೆಡತೈತಿ ರುದ್ರಾಣಿ. ನಮ್ಮವ್ವ ಉಂಡ ಜಾಗಾದಾಗ ಯಾರ್ಯಾರನ್ನೋ ಹೆಂಗ ಕುಂಡ್ರಸೂದು?"

ದಾರಿ ತೋರಿಸಿದವಳು ಜೆಸಿಂತಾ. ಮರುವಾರ ಒಬ್ಬಳೇ ಬಂದಳು. "ಉಂಡ ತಾಯಿ ಅಂತೀರಲ್ರಿ. ಸಣ್ಣಾಕಿ ಇದ್ದಾಗನ ಉಂಡಿರಬೇಕು ಅಂತೇನರ ಐತೇನ್ರಿ? ನನಗ ಈಗ ಒಂದು ತುತ್ತು ನೀಡ್ರಿ, ಉಂಡ ಹೋಗ್ತೀನಿ." ನಾನು ಓಡಿಹೋಗಿ ದ್ಯಾಮಕ್ಕ ಬರೆಸಿದ ನಿಯಮ ತೆಗೆದು ನೋಡಿದೆ. ವಯಸ್ಸಿನ ಮಾತೇ ಇರಲಿಲ್ಲ. ಸೋಮವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, ಬರೆದ ಹಾಗೆ ನಡೆಯಲಿ ಎಂದಳು. ಅವಳು ಕೆಟ್ಟವಳಲ್ಲ, ನಿಯಮಕ್ಕೆ ಪ್ರಾಮಾಣಿಕಳು.

ಆಮೇಲೆ ಯಾರೂ ದೂರು ಕೊಡದ ಹಾಗೆ ಪರೀಕ್ಷಕರನ್ನು ಕರೆಸಿ, ಅವರ ಎದುರೇ ಊಟವಾಯಿತು. ಮಕ್ಕಳು ಎರಡು ಸಾಲಾಗಿ ಕೂತಿದ್ದರು, ನಡುವೆ ಮೂವತ್ತು ದಾಟಿದ ಜೆಸಿಂತಾ, ಮೊಣಕಾಲು ಮಡಚಿಕೊಂಡು. ನಾನೇ ಬಡಿಸಿದೆ. ಪಕ್ಕದ ಮಗು ಅವಳ ಕಡೆ ನೀರಿನ ಲೋಟ ಸರಿಸಿತು. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು, ತಟ್ಟೆ ತೊಳೆದಳು, ತೊಳೆದ ನೀರನ್ನು ತುಳಿಯದೆ ಹುಷಾರಾಗಿ ಬಳಸಿ ಬಂದಳು. ಚಿಗರಿಯ ಹೆಸರು ಹಾಜರಿಗೆ ಸೇರಿತು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ದ್ಯಾಮಕ್ಕನ ಹಾಗೆಯೇ ನಾನೂ ಮನೆಗೆ ಬಂದು ನಕ್ಕೆ. ಇಬ್ಬರ ಬುದ್ಧಿವಂತಿಕೆಯೂ ಒಂದೇ ಜಾತಿಯದು ಎಂಬುದು ಆಮೇಲೆ ತಿಳಿಯಿತು. ಅವಳು ಬಾಗಿಲು ಮಾಡಿದಳು, ನಾನು ಆ ಬಾಗಿಲಿಗೆ ಎಣ್ಣೆ ಹಾಕಿದೆ.

ತಿಳಿದದ್ದು ಮೊನ್ನೆ ಬೆಳಿಗ್ಗೆ. ಗೇಟಿನ ಹತ್ತಿರ ಇಟ್ಟಿಗೆ ಭಟ್ಟಿಗೆ ಬಂದವರ ಮಗಳೊಬ್ಬಳು ನಿಂತಿದ್ದಳು. ಮೈಗೆಲ್ಲ ಕೆಂಪು ಧೂಳು, ಕೈಯಲ್ಲಿ ಒಂದು ತಟ್ಟೆ. ಒಳಗೆ ಬಿಸಿಯೂಟವಿದೆ ಎಂದು ಯಾರೋ ಹೇಳಿರಬೇಕು. ಚಿಗರಿ ನೀಲಿ ಲಂಗ ತೊಟ್ಟು, ಹಣೆಗೆ ಸುಣ್ಣದ ಪುಡಿ ಹಚ್ಚಿಕೊಂಡು ಅವಳ ಹತ್ತಿರ ಹೋದಳು. ನಾನು ಪಡಸಾಲೆಯಲ್ಲಿ ಗುಡಿಸುತ್ತಿದ್ದೆ, ಮಾತು ಸ್ಪಷ್ಟ ಕೇಳಿಸಿತು. "ನಿಮ್ಮವ್ವ ಇಲ್ಲಿ ಉಂಡಾಳೇನು?" ಎಂದಳು ಚಿಗರಿ. ಆ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. "ಹಂಗಾರ ನೀ ಒಳಗ ಬರಂಗಿಲ್ಲ," ಎಂದಳು ಚಿಗರಿ. ದನಿಯಲ್ಲಿ ಗರ್ವವಿರಲಿಲ್ಲ. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿಯಬಾರದು ಎಂದು ಹೊಸಬರಿಗೆ ಹೇಳಿಕೊಡುವ ಹಾಗೆ, ಪ್ರೀತಿಯಿಂದಲೇ ಹೇಳಿದಳು. ಆಮೇಲೆ ಒಳಗೆ ಬಂದು, ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ ಮಗ್ಗಿ ಹೇಳಿದಳು.

ಅವಳಿಗೆ ನಾನು ಏನು ಹೇಳಲಿ? ನಿಯಮ ಸುಳ್ಳು ಎಂದರೆ ಅವಳು ಒಳಗಿರುವುದೂ ಸುಳ್ಳಾಗುತ್ತದೆ. ನಿಜ ಎಂದರೆ ನನ್ನ ನಾಲಿಗೆ ಸುಡುತ್ತದೆ. ನಿನ್ನೆಯಿಡೀ ಆ ಮಾತೆತ್ತದೆ ಪಾಠ ಮಾಡಿದೆ, ಇವತ್ತೂ ಹಾಗೆಯೇ. ನಾಳೆಯೂ ಹಾಗೆಯೇ ಮಾಡುತ್ತೇನೆ ಎಂದು ನನಗೆ ಭಯ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮೂರ ಸರ್ಕಾರಿ ಶಾಲೆಗೆ ದುಡ್ಡು ಸಾಲದೆ ಬಂದಾಗ, ಅದನ್ನು ಉಳಿಸಲು ಯಾರಾದರೂ ಬುದ್ಧಿವಂತರು ಅದಕ್ಕೆ ಬೇರೆ ವೇಷ ಹಾಕಿಸಲು ಬಂದರೆ ಒಪ್ಪಬೇಡಿ. ಅದು ಶಾಲೆ, ಎಲ್ಲರದು ಎಂಬ ಒಂದೇ ಕಾರಣ ಹೇಳಿ ಕೇಳಿ. ಕೊಡದಿದ್ದರೆ ಜಗಳ ಮಾಡಿ ಕೇಳಿ. ಎಲ್ಲರ ಹಗೇವು ಇನ್ನೂ ತೆರೆದಿರುವ ಕಾಲದಲ್ಲಿ ಇದ್ದೀರಿ, ಜಗಳಕ್ಕೆ ಇನ್ನೂ ಅರ್ಥವಿದೆ.

ಇಟ್ಟಿಗೆ ಭಟ್ಟಿಯವರ ಆ ಹುಡುಗಿಯ ಹೆಸರು ನನಗೆ ಗೊತ್ತಿಲ್ಲ. ಪೊರಕೆ ಬಿಸಾಡಿ ಗೇಟಿಗೆ ಹೋಗುವಷ್ಟರಲ್ಲಿ ಹೊರಟುಹೋಗಿದ್ದಳು. ನಿಮ್ಮ ಶಾಲೆಯ ಗೇಟಿಗೆ ಅಂಥವಳೊಬ್ಬಳು ಬಂದರೆ ಅವಳ ಹೆಸರೊಂದನ್ನೇ ಕೇಳಿ, ಹಾಜರಿಯಲ್ಲಿ ಬರೆದುಕೊಂಡು ಒಳಗೆ ಕರೆಯಿರಿ.

ರುದ್ರಾಣಿ ಕಡೇಮನಿ