ಕೋಟೆ ಹತ್ತುವವನ ಮುಖ

ಅಪ್ಪಾ,

ನೀನು ಹೋಗಿ ಎರಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ನಾನು ಮೂರು ಹೊತ್ತೂ ಆಡುತ್ತಿದ್ದೆನಲ್ಲ, ಹಳೇ ಕಾಲದ ಕೋಟೆ ಕಾಳಗದ ವಿಡಿಯೋ ಗೇಮ್, ಅದೀಗ ಕಾಮಿಕ್ಸ್ ಪುಸ್ತಕವಾಗುತ್ತಿದೆ. ಚಿತ್ರ ಬರೆಯುತ್ತಿರುವವಳು ನಾನೇ. ಇವತ್ತು ಸಂಪಾದಕರು ಮೊದಲ ಹತ್ತು ಪುಟ ವಾಪಸ್ ಕೊಟ್ಟರು.

“ಕೋಟೆ ಹತ್ತೋ ಸೈನಿಕಂದು ಬರೀ ಬೆನ್ನೇ ಬರೆದಿದ್ದೀಯಲ್ಲಮ್ಮಾ! ಗೇಮಲ್ಲಾದ್ರೆ ಆಡೋರು ಅವನ ಹಿಂದೇನೇ ಓಡ್ತಾರೆ, ನಡೆಯುತ್ತೆ. ಪುಸ್ತಕಕ್ಕೆ ಮುಖ ಬೇಡ್ವಾ?”

ನೀನೂ ಇದನ್ನೇ ಕೇಳಿದ್ದೆ. ಕೆಲಸ ಮುಗಿಸಿ ಬಂದು, ಬೂಟು ಬಿಚ್ಚಿ, ನನ್ನ ಹಿಂದೆ ಮಂಚದ ಮೇಲೆ ಕೂತು, “ಅವನ ಮುಖ ಹೇಗಿದೆ ಪುಟ್ಟಿ? ಒಂದ್ಸಲ ಈ ಕಡೆ ತಿರುಗಿಸೇ” ಅನ್ನುತ್ತಿದ್ದೆ. “ಸುಮ್ನಿರಪ್ಪಾ, ಸತ್ತೋಗ್ತೀನಿ” ಎಂದು ನಾನು ಪರದೆಯಿಂದ ಕಣ್ಣು ಕೀಳದೆ ರೇಗುತ್ತಿದ್ದೆ.

ಮಧ್ಯಾಹ್ನವೆಲ್ಲ ಕೂತು ಅವನಿಗೆ ನಿನ್ನ ಮುಖ ಕೊಡಲು ಹೋದೆ. ಹಣೆ ಬಂತು, ಮೀಸೆ ಬಂತು. ನಾನು ಆಡುವುದನ್ನು ನೋಡುತ್ತ ಕೂತಾಗ ನಿನ್ನ ಕಣ್ಣುಗಳು ಹೇಗಿರುತ್ತಿದ್ದವೋ, ಅದು ಮಾತ್ರ ಬರಲಿಲ್ಲ. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ತೂತಾಯಿತು.

ಪ್ರತಿ ಸಂಜೆ ನೀನು ನೋಡಿದ್ದು ಎರಡು ಬೆನ್ನು, ಅಪ್ಪಾ. ಒಂದು ಅವನದು.