ನೋಟ್‌ಬುಕ್ಕಿನ ಪೆನ್ಸಿಲ್ ಗುರುತು

ಜನವರಿ ೧೭, ಶುಕ್ರವಾರ

ನನ್ನ ಫ್ರೆಂಚ್ ಹೋಂವರ್ಕನ್ನ ಯಾರೋ ತಿದ್ದಿದಾರೆ.

ಫ್ರೆಂಚಿನ ‘ಈ’ (y), ‘ಆಂ’ (en) ಅನ್ನೋ ಎರಡು ಪುಟ್ಟ ಪದಗಳಲ್ಲಿ ನನಗಿನ್ನೂ ಗೊಂದಲ. ಒಮ್ಮೆ ಹೇಳಿದ ಜಾಗಕ್ಕೆ ಮತ್ತೆ ಹೆಸರು ಹೇಳದೆ ‘ಈ’ ಅನ್ನಬೇಕು, ಹೇಳಿದ ವಿಷಯಕ್ಕೆ ‘ಆಂ’. ಈ ಮನೇಲಿ ಯಾರಿಗೆ ಫ್ರೆಂಚ್ ಬರುತ್ತೆ ಅನ್ನೋ ಧೈರ್ಯದಲ್ಲಿ ನಿನ್ನೆ ಮನಸ್ಸಲ್ಲಿದ್ದದ್ದನ್ನೇ ಫ್ರೆಂಚಲ್ಲಿ ಬರೆದಿದ್ದೆ: ‘ಪ್ರತಿ ಭಾನುವಾರ ಗೂಳೂರಿನ ನಾದಿನಿ ಮನೆ. ನನಗೆ ಅಲ್ಲಿಗೆ ಹೋಗೋಕೆ ಇಷ್ಟವಿಲ್ಲ. ಅದು ಸಾಕಾಗಿದೆ.’ ‘ಅಲ್ಲಿಗೆ’ ಅನ್ನೋದಕ್ಕೆ ಹಾಕಿದ ಹಾಗೇ ಕೊನೇ ವಾಕ್ಯದ ‘ಅದು’ ಅನ್ನೋದಕ್ಕೂ ‘ಈ’ ಹಾಕಿದ್ದೆ. ಇವತ್ತು ನೋಡಿದ್ರೆ ಅದನ್ನ ಹೊಡೆದು, ಮೇಲೆ ಪೆನ್ಸಿಲ್‌ನಲ್ಲಿ ‘ಆಂ’ ಅಂತ ಬರೆದಿದೆ.

ನನ್ನ ಗಂಡ ಶ್ರೀವತ್ಸ ಪುಸ್ತಕ ಮುಟ್ಟೋನೇ ಅಲ್ಲ. ಮನೇಲಿರೋದು ಒಂದೇ ಪೆನ್ಸಿಲ್, ಗ್ಯಾಸ್ ಸಿಲಿಂಡರ್ ಹಾಕಿದ ದಿನ ಗುರುತು ಮಾಡೋಕೆ ಅಂತ ಅತ್ತೆ ಕ್ಯಾಲೆಂಡರಿಗೆ ಕಟ್ಟಿರೋದು. ಇವತ್ತು ಅಲ್ಲಿ ಬರೀ ದಾರ ನೇತಾಡ್ತಿತ್ತು.

ಮೂರು ತಿಂಗಳಿಂದ ನನ್ನ ಆನ್‌ಲೈನ್ ಕ್ಲಾಸ್ ಹೊತ್ತಿಗೆ ಸರಿಯಾಗಿ ಅತ್ತೆ ಸೊಪ್ಪೋ ಅವರೆಕಾಯಿಯೋ ಬಿಡಿಸ್ತಾ ಪಕ್ಕದಲ್ಲೇ ಕೂರ್ತಾರೆ. ಕೇಳಿದ್ರೆ "ನಂಗೇನು ತಿಳಿಯುತ್ತೆ ಬಿಡಮ್ಮ" ಅಂತಾರೆ.

ರಾತ್ರಿ ಊಟ ಬಡಿಸ್ತಾ ಮಗನಿಗೆ ಹೇಳಿದ್ರು: "ಈ ಭಾನುವಾರ ಗೂಳೂರು ಬೇಡ ಕಣೋ. ಅವಳಿಗೂ ಸಾಕಾಗಿರುತ್ತೆ."

ನನ್ನ ಕಡೆ ನೋಡಲೇ ಇಲ್ಲ. ಕನಿಕರಕ್ಕೆ ಹೇಳಿದ್ರಾ, ಕುಟುಕಿದ್ರಾ? ಅದು ಅವರ ಸ್ವಂತ ಮಗಳ ಮನೆ ತಾನೇ.

ಇವತ್ತಿನ ಹೋಂವರ್ಕ್‌ನಲ್ಲಿ ‘ನಮ್ಮತ್ತೆ ಬಹಳ ಒಳ್ಳೆಯವರು’ ಅಂತ ಬರೆದು, ನೋಟ್‌ಬುಕ್ಕನ್ನ ಬೇಕಂತಲೇ ಹಾಲ್‌ನಲ್ಲಿ ಬಿಟ್ಟು ಬಂದೆ. ಅಲ್ಲಿಂದ ಈಗ ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯೋ ಸದ್ದು ಕೇಳಿಸ್ತಿದೆ.